ಎಂಟು ತಿಂಗಳಲ್ಲಿ ಎರಡು ಸಲ ಬಿಚ್ಚಿದ ಮಷೀನು

ದಾವಣಗೆರೆಯ ನಿಟುವಳ್ಳಿಯಿಂದ ಫೋನ್ ಬಂದಾಗ ನಾನು ಅಂಗಡಿಯಲ್ಲಿ ಒಂದು ಮಿಕ್ಸಿಗೆ ಕಾರ್ಬನ್ ಹಾಕುತ್ತಿದ್ದೆ. "ತಮ್ಮಾ, ಮಷೀನು ಮತ್ತೆ ಸದ್ದು ಮಾಡಾಕತ್ತೈತಿ ನೋಡು" ಅಂದರು ಅಕ್ಕೋರು. ಆ "ಮತ್ತೆ" ಕೇಳಿ ಕೈ ನಿಂತಿತು. ಆ ವಾಷಿಂಗ್ ಮಷೀನಿಗೆ ಬೇರಿಂಗ್ ಹಾಕಿ ಇನ್ನೂ ಎಂಟು ತಿಂಗಳು. ಹಾಕಿದವನು ನಾನೇ.

ಗೆದ್ದ ಕೆಲಸದ ಕಥೆಯನ್ನು ಎಲ್ಲ ಮೆಕ್ಯಾನಿಕ್ಕುಗಳೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಇದು ಒಂದು ಸಲ ಸೋತು ಆಮೇಲೆ ಸರಿ ಮಾಡಿದ ಕೆಲಸ. ಹಳೇ ಫ್ರಂಟ್ ಲೋಡ್ ಮಷೀನು ಇಟ್ಟುಕೊಂಡವರಿಗೂ, ಹೊಸದಾಗಿ ಸ್ಪಾನರ್ ಹಿಡಿದ ಹುಡುಗರಿಗೂ ಬೇಕಾಗಬಹುದು ಅಂತ ಮೊದಲಿಂದ ಬರೆಯುತ್ತಿದ್ದೇನೆ.

ಮನೆ, ಮಷೀನು, ನೀರು

ಅಕ್ಕೋರು ಅಂದರೆ ನಿವೃತ್ತ ಪ್ರೈಮರಿ ಸ್ಕೂಲ್ ಟೀಚರ್. ಇಡೀ ಬೀದಿಯೇ ಅವರನ್ನು ಹಾಗೆ ಕರೆಯುತ್ತದೆ. ಅವರ ಯಜಮಾನ್ರು ಬಟ್ಟೆ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ನೋಡಿದವರು, ಮಿಲ್ಲು ಮುಚ್ಚಿದ್ದನ್ನೂ ನೋಡಿದವರು. ಈಗಲೂ ದಿನಾ ಬಿಳಿ ಪಂಚೆ, ಬಿಳಿ ಅಂಗಿ. ಈ ಬಿಳಿ ಪಂಚೆಗೆ ಕಥೆಯಲ್ಲಿ ಪಾತ್ರ ಇದೆ, ಆಮೇಲೆ ಬರುತ್ತದೆ. ಮಗ ಬೆಂಗಳೂರಿನಲ್ಲಿ. ಮನೆಯಲ್ಲಿ ಏನು ಕೆಟ್ಟರೂ ಅವನದು ಒಂದೇ ಮಾತು: "ಹಳೇದು ಗುಜರಿಗೆ ಹಾಕ್ರಿ, ಹೊಸದು ಕಳಿಸ್ತೀನಿ."

ಮಷೀನು 2009ರಲ್ಲಿ ಕೊಂಡಿದ್ದು. 6 ಕೆಜಿ, ಸ್ಪಿನ್ 1000 ಆರ್‌ಪಿಎಂ, ಅಂದರೆ ಬಟ್ಟೆ ಹಿಂಡುವಾಗ ನಿಮಿಷಕ್ಕೆ 1000 ಸುತ್ತು. ಬೆಲ್ಟ್ ಇರುವ ಮೋಟರು, ಕಾರ್ಬನ್ ಬ್ರಷ್, ಎದುರಿಗೆ ಗಾಜಿನ ಬಾಗಿಲು. ನೋಡಲು ಹಳೇದು. ಆದರೆ ಒಂದು ಗುಣಕ್ಕೆ ನನಗೆ ಇಂಥ ಮಷೀನು ಕಂಡರೆ ಇಷ್ಟ. ಅದರ ಟಬ್ಬನ್ನು, ಅಂದರೆ ಡ್ರಮ್ಮಿನ ಹೊರಗೆ ನೀರು ಹಿಡಿಯುವ ತೊಟ್ಟಿಯನ್ನು, ಸ್ಕ್ರೂ ಬಿಚ್ಚಿ ಎರಡು ಭಾಗ ಮಾಡಬಹುದು. ಈಗಿನ ಎಷ್ಟೋ ಮಾಡೆಲ್‌ಗಳಲ್ಲಿ ಪ್ಲಾಸ್ಟಿಕ್ ಟಬ್ಬನ್ನು ವೆಲ್ಡ್ ಮಾಡಿಯೇ ಕಳಿಸಿರುತ್ತಾರೆ. ಬೇರಿಂಗ್ ಹೋದರೆ ಟಬ್ಬು, ಡ್ರಮ್ಮು ಎರಡೂ ಸೇರಿ ಇಡೀ ಸೆಟ್ಟೇ ಬದಲಿಸಬೇಕು, ಇಲ್ಲವೇ ಗರಗಸ ಹಿಡಿದು ಕೊಯ್ಯಬೇಕು. ಮುನ್ನೂರು ರೂಪಾಯಿಯ ಬೇರಿಂಗ್ ಬದಲಿಸಲು ಟಬ್ಬು ಕೊಯ್ಯುವುದು ಯಾವ ನ್ಯಾಯ ಹೇಳಿ.

ಇನ್ನು ನೀರು. ನಮ್ಮೂರಿನ ನಲ್ಲಿ ನೀರು ತುಂಗಭದ್ರಾ ಹೊಳೆಯಿಂದ ಮತ್ತು ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಗಳಿಂದ ಬರುತ್ತದೆ. ಬೋರಿಗೆ ಹೋಲಿಸಿದರೆ ಮೆದು ನೀರು. ಆದರೆ ದಿನಾ ಬರುವುದಿಲ್ಲ. ಬಂದಾಗ ಸಂಪಿಗೆ ತುಂಬಿಸಿ ಕುಡಿಯಲು, ಅಡುಗೆಗೆ ಇಟ್ಟುಕೊಳ್ಳುತ್ತಾರೆ. ಬಟ್ಟೆ, ಪಾತ್ರೆ, ಬಚ್ಚಲು ಎಲ್ಲಾ ಬೋರಿನ ಮೇಲೆ. ಅಕ್ಕೋರ ಮನೆ ಮಷೀನಿಗೂ ಮೇಲಿನ ಬೋರ್ ಟ್ಯಾಂಕಿನಿಂದಲೇ ಪೈಪು. ನೀರಿನ ಗಡಸುತನ ತಿಳಿಯಲು ಮೀಟರ್ ಬೇಡ. ಬಚ್ಚಲಿನ ಸ್ಟೀಲ್ ನಲ್ಲಿಯ ಬುಡ ನೋಡಿದರೆ ಸಾಕು. ಇವರ ಮನೆಯದು ಸುಣ್ಣ ಹೊಡೆದಂಗೆ ಇತ್ತು.

ಮೊದಲ ಸಲ

ಮೊದಲ ದೂರು ಸರಳವಾಗಿತ್ತು. ಒಗೆಯುವಾಗ ಸದ್ದಿಲ್ಲ. ನೀರು ಹೋಗಿ ಸ್ಪಿನ್ ಶುರುವಾದರೆ ಗುಂಯ್ ಅಂತ ಏರುತ್ತಾ ಹೋಗುತ್ತದೆ. "ಅಶೋಕ ರಸ್ತೆ ಗೇಟಿನಾಗ ನಿಂತಾಗ ರೈಲು ಬರ್ತಿತ್ತಲ್ಲ, ಹಂಗ" ಅಂದಿದ್ದರು ಅಕ್ಕೋರು.

ಇದಕ್ಕೆ ಮೊದಲು ಕರೆಂಟು ತೆಗೆಯಬೇಕು. ಬಾಗಿಲು ತೆರೆದು ಡ್ರಮ್ಮಿನ ಮೇಲಿನ ಅಂಚು ಹಿಡಿದು ಮೇಲಕ್ಕೆ ಎತ್ತಬೇಕು. ಡ್ರಮ್ಮು, ಟಬ್ಬು ಎರಡೂ ಒಟ್ಟಿಗೆ ಸ್ಪ್ರಿಂಗಿನ ಮೇಲೆ ಆಡಿದರೆ ತೊಂದರೆ ಇಲ್ಲ. ಟಬ್ಬು ನಿಂತು ಡ್ರಮ್ಮು ಮಾತ್ರ ಕಟ ಕಟ ಆಡಿದರೆ ಬೇರಿಂಗ್ ಹೋಗಿದೆ ಅಂತ ಅರ್ಥ. ಇಲ್ಲಿ ಆಡಿತು. ಹಿಂದಿನ ತಗಡು ಬಿಚ್ಚಿ ಬೆಲ್ಟ್ ತೆಗೆದು ಪುಲ್ಲಿ ಕೈಯಲ್ಲಿ ತಿರುಗಿಸಿದೆ. ಮರಳು ಅರೆದ ಸದ್ದು. ಪುಲ್ಲಿ ಹಿಂದೆ ಟಬ್ಬಿನ ಮೇಲೆ ಬೇರಿಂಗ್ ಜಾಗದಿಂದ ಕೆಳಕ್ಕೆ ಒಂದು ಕಂದು ಗೆರೆ, ಒಣಗಿದ ಚಹಾ ಹರಿದಂತೆ. ತುಕ್ಕು ಮತ್ತು ಗ್ರೀಸು ಸೇರಿದ ನೀರು ಅದು.

ಟಬ್ಬು ಇಳಿಸಿ, ಎರಡು ಭಾಗ ಮಾಡಿ, ಡ್ರಮ್ಮನ್ನು ಹೊಡೆದು ಹೊರಗೆ ತೆಗೆದೆವು. 6205 ಒಂದು, 6206 ಒಂದು. ಬೇರಿಂಗ್ ಸಂಖ್ಯೆಯ ಕೊನೇ ಎರಡು ಅಂಕಿ 04 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಅದನ್ನು 5ರಿಂದ ಗುಣಿಸಿದಾಗ ಒಳಗಿನ ತೂತಿನ ಅಳತೆ ಮಿಲಿಮೀಟರಿನಲ್ಲಿ ಸಿಗುತ್ತದೆ. 05 ಅಂದರೆ 25, 06 ಅಂದರೆ 30. ಹೊರಗಿನ ಅಳತೆ 52 ಮತ್ತು 62. ಇದು ಎಲ್ಲ ಕಂಪನಿಗೂ ಒಂದೇ. ಹಾಗಾಗಿ ಮಷೀನಿನ ಕಂಪನಿ ಪಾರ್ಟ್ ನಿಲ್ಲಿಸಿದ್ದರೂ ಬೇರಿಂಗ್ ಅಂಗಡಿಯಲ್ಲಿ, ಕೊನೆಗೆ ಬೈಕ್ ಸ್ಪೇರ್ಸ್ ಅಂಗಡಿಯಲ್ಲೂ ಸಿಗುತ್ತದೆ.

ಹೊಸ ಬೇರಿಂಗ್ ಎರಡು, ನೀರು ಬೇರಿಂಗಿಗೆ ಹೋಗದಂತೆ ತಡೆಯುವ ರಬ್ಬರ್ ಉಂಗುರ, ಅಂದರೆ ಆಯಿಲ್ ಸೀಲ್, ಹೊಸದು ಒಂದು ಹಾಕಿದೆ. ಕೂಲಿ ಸೇರಿ 2,400 ರೂಪಾಯಿ ತೆಗೆದುಕೊಂಡೆ. ಮಷೀನು ಹೂವಿನಂತೆ ತಿರುಗಿತು. ಅಕ್ಕೋರು ಚಹಾ, ಮಂಡಕ್ಕಿ ಕೊಟ್ಟರು. ಮುಗಿಯಿತು ಅಂದುಕೊಂಡೆ.

ಆವತ್ತು ಎರಡು ವಿಷಯ ಕಣ್ಣಿಗೆ ಬಿದ್ದಿತ್ತು. ಬಿದ್ದಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ.

ಒಂದು, ಶಾಫ್ಟ್ ಮೇಲೆ ಸೀಲ್ ಉಜ್ಜುವ ಜಾಗದಲ್ಲಿ ಒಂದು ಹಿತ್ತಾಳೆ ಬುಶ್, ಅಂದರೆ ಬಳೆಯಂಥ ತೊಡಿಗೆ, ಇರುತ್ತದೆ. ಅದರ ಮೇಲೆ ಉಗುರು ಎಳೆದಾಗ ಒಂದು ಕಡೆ ಸಿಕ್ಕಿಕೊಂಡಿತು. ಸಣ್ಣ ಗೀರು. ಹದಿನೈದು ವರ್ಷ ರಬ್ಬರ್ ತುಟಿ ಉಜ್ಜಿ ಉಜ್ಜಿ ಮಾಡಿದ್ದು. ಗ್ರೀಸ್ ಜಾಸ್ತಿ ಬಳಿದರೆ ನಡೆಯುತ್ತದೆ ಅಂದುಕೊಂಡೆ.

ಎರಡು, ಡ್ರಮ್ಮನ್ನು ಹಿಂದಿನಿಂದ ಶಾಫ್ಟಿಗೆ ಹಿಡಿದಿಡುವ ಮೂರು ಕಾಲಿನ ಸ್ಪೈಡರ್ ಮೇಲೆ ಬಿಳಿ ಪೊರೆ ಇತ್ತು. ನನ್ನ ಹುಡುಗ ಕೇಳಿದ, "ಅಣ್ಣಾ, ಇದೇನಿದು?" "ಬೋರ್ ನೀರಿನ ಉಪ್ಪು ಕಣೋ, ನಲ್ಲಿ ಬುಡದಾಗ ಕೂತಿರಲ್ವಾ, ಹಂಗೆ" ಅಂದೆ. ಅವನು ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟ.

ಎರಡನೇ ಸಲ

ಈ ಸಲ ಹೋದಾಗ ಯಜಮಾನ್ರು ಮಷೀನಿನ ಪಕ್ಕ ಮಣೆ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಉದ್ದದ ಸ್ಕ್ರೂಡ್ರೈವರ್. ತುದಿಯನ್ನು ಟಬ್ಬಿಗೆ ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿ ಕೇಳುವುದು ಮಿಲ್ಲಿನವರ ಅಭ್ಯಾಸ. "ಬೇರಿಂಗ್ ಹೋಗೈತಿ, ಸುಳ್ಳಲ್ಲ" ಅಂದರು. "ಆದರ ಅದೊಂದ ಅಲ್ಲ. ಮೆಲ್ಲಗೆ ತಿರುಗುವಾಗ ಸುತ್ತಿಗೆ ಒಂದು ಸಲ ಟಕ್ ಅಂತೈತಿ. ಬೇರಿಂಗ್ ಟಕ್ ಅನ್ನಲ್ಲ ತಮ್ಮಾ, ಅರೀತೈತಿ. ಶಾಫ್ಟ್ ನೋಡಿದ್ಯಾ ಆವತ್ತು?"

ನೋಡಿದ್ದೆ ಯಜಮಾನ್ರೇ ಅಂದೆ. ಅಷ್ಟಕ್ಕೇ ಸುಮ್ಮನಾದೆ.

ಬಾಗಿಲು ತೆರೆದು ಡ್ರಮ್ಮಿನ ಅಂಚನ್ನು ಮೂರು ಕಡೆ ಒತ್ತಿ ನೋಡಿದೆ. ಎರಡು ಕಡೆ ಗಟ್ಟಿ. ಮೂರನೇ ಕಡೆ ಒಳಕ್ಕೆ ಹೋಗಿ ಟಕ್ ಅಂತು. ಡ್ರಮ್ಮನ್ನು ತಿರುಗಿಸಿದರೆ ಆ ಮೆತ್ತನೆ ಜಾಗವೂ ಅದರ ಜೊತೆ ತಿರುಗಿತು. ಬೇರಿಂಗ್ ಸಡಿಲ ಆದರೆ ಆಟ ಎಲ್ಲ ಕಡೆ ಒಂದೇ ಥರ ಇರುತ್ತದೆ. ಡ್ರಮ್ಮಿನ ಜೊತೆ ಸುತ್ತುವ ಆಟ ಇದ್ದರೆ ತಪ್ಪು ಡ್ರಮ್ಮಿನಲ್ಲೇ ಇದೆ.

ಅಲ್ಲೇ ಬಿಚ್ಚುವ ಕೆಲಸ ಅಲ್ಲ. ಆಟೋದಲ್ಲಿ ಅಂಗಡಿಗೆ ತಂದೆವು.

ಟಬ್ಬು ಇಳಿಸುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಮೇಲಿನ ಹಲಗೆ, ಪೌಡರ್ ಡಬ್ಬಿ, ಬಾಗಿಲ ರಬ್ಬರಿನ ಸ್ಪ್ರಿಂಗ್ ಉಂಗುರ, ಮೋಟರಿನ ವೈರು, ಹೀಟರ್ ವೈರು, ಕೆಳಗಿನ ಶಾಕ್ ಅಬ್ಸಾರ್ಬರ್ ಪಿನ್ನು. ಪ್ರತಿ ವೈರು ತೆಗೆಯುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ. ಮುಂದಿನ ಕಾಂಕ್ರೀಟ್ ತೂಕವನ್ನು ಮೊದಲು ಬಿಚ್ಚಿ, ಇಲ್ಲಾಂದ್ರೆ ಸೊಂಟ ಹೋಗುತ್ತದೆ. ಜನ ಆ ಕಾಂಕ್ರೀಟ್ ನೋಡಿ "ಕಂಪನಿಯವರು ತೂಕಕ್ಕೆ ಮೋಸ ಮಾಡ್ಯಾರ" ಅನ್ನುತ್ತಾರೆ. ಮೋಸ ಅಲ್ಲ. 1937ರಲ್ಲಿ ಅಮೆರಿಕದ ಬೆಂಡಿಕ್ಸ್ ಕಂಪನಿ ಮುಂದೆ ಬಾಗಿಲಿರುವ ಆಟೋಮ್ಯಾಟಿಕ್ ಮಷೀನು ಮಾರಾಟಕ್ಕೆ ತಂದಾಗ ಅದನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕಿತ್ತು. ಇಲ್ಲದಿದ್ದರೆ ಸ್ಪಿನ್ನಿಗೆ ಮನೆಯೆಲ್ಲಾ ಓಡಾಡುತ್ತಿತ್ತು. ಈಗ ಟಬ್ಬನ್ನು ಸ್ಪ್ರಿಂಗಿಗೆ ನೇತುಹಾಕಿ ಕಾಂಕ್ರೀಟ್ ಕಟ್ಟಿ ಆ ಕುಣಿತ ತಡೆಯುತ್ತಾರೆ.

ಶಾಫ್ಟಿನ ಬೋಲ್ಟನ್ನು ಪೂರ್ತಿ ತೆಗೆಯದೆ ನಾಲ್ಕು ಸುತ್ತು ಬಿಟ್ಟು, ಅದರ ಮೇಲೆ ಮರದ ತುಂಡು ಇಟ್ಟು ಹೊಡೆದೆವು. ಬರೀ ಶಾಫ್ಟಿನ ಮೇಲೆ ಹೊಡೆದರೆ ಥ್ರೆಡ್ ಹಾಳಾಗುತ್ತದೆ. ಮೂರನೇ ಏಟಿಗೆ ಡ್ರಮ್ಮು ಹೊರಗೆ ಬಂತು.

ಬೆಳಕಿಗೆ ಹಿಡಿದು ನೋಡಿದೆ. ಎಂಟು ತಿಂಗಳ ಹಿಂದೆ ಒರೆಸಿಟ್ಟ ಸ್ಪೈಡರಿನ ಮೇಲೆ ಮತ್ತೆ ಬಿಳಿ ಪೊರೆ. ಒಂದು ಕಾಲಿನ ಬುಡದಲ್ಲಿ ಅದು ದಪ್ಪಗೆ ಉಬ್ಬಿತ್ತು. ಸ್ಕ್ರೂಡ್ರೈವರ್ ತುದಿ ತಾಗಿಸಿದೆ. ಗಟ್ಟಿ ಲೋಹದ ಮೇಲೆ ಕಟ್ ಅನ್ನಬೇಕಿತ್ತು. ಅನ್ನಲಿಲ್ಲ. ಒದ್ದೆ ವಿಭೂತಿ ಉಂಡೆಗೆ ಚುಚ್ಚಿದಂತೆ ಅರ್ಧ ಬೆರಳು ಒಳಗೆ ಇಳಿಯಿತು. ಕೆರೆದಾಗ ಬೂದು ಬಣ್ಣದ ಹಿಟ್ಟು ಉದುರಿ, ಒಳಗೆ ಕೂದಲೆಳೆಯಂಥ ಬಿರುಕು ಕಂಡಿತು. ಕಾಲನ್ನು ಹೆಬ್ಬೆರಳಿನಲ್ಲಿ ಒತ್ತಿದರೆ ಬಿರುಕು ಬಾಯಿ ತೆರೆದು ಮುಚ್ಚಿತು. ಯಜಮಾನ್ರು ಕೇಳಿದ ಟಕ್ ಇದೇ.

ನಿಂಬೆಹಣ್ಣು

ಬಿಳೀದೆಲ್ಲಾ ನೀರಿನ ಉಪ್ಪು ಅಂದುಕೊಂಡಿದ್ದು ನನ್ನ ತಪ್ಪು. ಈ ಸಲ ಹುಡುಗನನ್ನು ಪಕ್ಕದ ಅಂಗಡಿಗೆ ಕಳಿಸಿ ಒಂದು ನಿಂಬೆಹಣ್ಣು ತರಿಸಿದೆ. ಅರ್ಧ ಹೋಳನ್ನು ಇದೇ ಮಷೀನಿನ ಹೀಟರ್ ಮೇಲೆ ಹಿಂಡಿದೆ. ಹೀಟರ್ ಮೇಲೂ ಬಿಳಿ ಪೊರೆ ಇತ್ತು. ಸಣ್ಣ ಸಣ್ಣ ಗುಳ್ಳೆ ಎದ್ದು ಚುರ್ ಅಂತು. ಅದು ಸುಣ್ಣ, ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ಬಿದ್ದರೆ ನೊರೆ ಬರಲೇಬೇಕು. ಇನ್ನರ್ಧ ಹೋಳನ್ನು ಸ್ಪೈಡರಿನ ಬಿಳಿ ಪೊರೆ ಮೇಲೆ ಹಿಂಡಿದೆ. ಏನೂ ಆಗಲಿಲ್ಲ. ರಸ ಸುಮ್ನೆ ಹರಿದು ಕೆಳಗೆ ಬಿತ್ತು.

ಹುಡುಗ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಲಿಲ್ಲ.

ಸ್ಪೈಡರ್ ಅಲ್ಯೂಮಿನಿಯಂ ಎರಕದ್ದು. ಡ್ರಮ್ಮು ಸ್ಟೇನ್‌ಲೆಸ್ ಸ್ಟೀಲು. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿಕೊಂಡು ಸೋಪಿನ ನೀರಿನಲ್ಲಿ ಮುಳುಗಿದರೆ ಬ್ಯಾಟರಿ ಥರ ಆಗುತ್ತದೆ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಅದರ ಜೊತೆಗೆ ಪೌಡರಿನ ಸೋಡಾ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಸೋಡಾ ನೀರು ನೆನೆಸಿಟ್ಟರೆ ಬೆಳಿಗ್ಗೆಗೆ ಕಪ್ಪಾಗಿ ಹೊಳಪು ಹೋಗುವುದನ್ನು ಯಾವ ಹೆಂಗಸರಾದರೂ ಬಲ್ಲರು. ಇಲ್ಲಿ ಅದೇ ಕೆಲಸ ಹದಿನೈದು ವರ್ಷ ನಡೆದಿದೆ. ಆ ಬಿಳಿ ಹಿಟ್ಟು ಸ್ಪೈಡರಿನ ಮೇಲೆ ಕೂತ ಉಪ್ಪಲ್ಲ, ಕರಗಿದ ಸ್ಪೈಡರೇ.

ಇದಕ್ಕೆ ಯಾಕೆ ಹೆದರಬೇಕು ಅಂದರೆ, ಮುಂದೆ ಬಾಗಿಲಿನ ಮಷೀನಿನಲ್ಲಿ ಡ್ರಮ್ಮಿಗೆ ಮುಂದುಗಡೆ ಆಸರೆ ಇಲ್ಲ. ತುಂಬಿದ ಕೊಡವನ್ನು ಒಂದೇ ಕೈಯಲ್ಲಿ ಚಾಚಿ ಹಿಡಿದ ಹಾಗೆ ಹಿಂದಿನ ಆ ಮೂರು ಕಾಲೇ ಎಲ್ಲವನ್ನೂ ಹೊರಬೇಕು. ಡ್ರಮ್ಮಿನ ಅಡ್ಡಳತೆ ಸುಮಾರು 47 ಸೆಂಟಿಮೀಟರ್. 1000 ಆರ್‌ಪಿಎಂನಲ್ಲಿ ಅದರ ಅಂಚಿನಲ್ಲಿ ಭೂಮಿಯ ಎಳೆತದ 260 ಪಟ್ಟು ಬಲ ಹುಟ್ಟುತ್ತದೆ. ಒದ್ದೆ ಬಟ್ಟೆ ಒಂದು ಕಡೆಗೆ ಒಂದು ಕೆಜಿ ಜಾಸ್ತಿ ಕೂತರೆ ಆ ಕಡೆಗೆ ಎರಡೂವರೆ ಕ್ವಿಂಟಲ್ ಮೆಕ್ಕೆಜೋಳ ಎಳೆದಷ್ಟು ಎಳೆತ. ಅದೂ ಸೆಕೆಂಡಿಗೆ ಹದಿನಾರು ಸಲ ದಿಕ್ಕು ಬದಲಿಸುತ್ತಾ. ಬಿರುಕು ಬಿಟ್ಟ ಕಾಲು ಪೂರ್ತಿ ಮುರಿದರೆ ಡ್ರಮ್ಮು ಓರೆಯಾಗಿ ಟಬ್ಬನ್ನು ಒಡೆದುಕೊಂಡು ಬರುತ್ತದೆ.

ಈಗ ಎಂಟು ತಿಂಗಳ ಲೆಕ್ಕ ಸರಿಹೋಯಿತು. ಕಾಲು ಸೋತು ಶಾಫ್ಟು ಕೂದಲಷ್ಟು ಓರೆಯಾಗಿ ತಿರುಗುತ್ತಿತ್ತು. ಹೊಸ ಸೀಲಿನ ತುಟಿ ಬುಶ್ಶಿನ ಹಳೇ ಗೀರಿನಲ್ಲೇ ಹೋಗಿ ಕೂತಿತು. ಓರೆ ಶಾಫ್ಟು ಆ ತುಟಿಯನ್ನು ಒಂದು ಕಡೆ ಒತ್ತಿ ಇನ್ನೊಂದು ಕಡೆ ತೆರೆಯುತ್ತಾ ಹೋಯಿತು. ಸೋಪಿನ ನೀರು ನುಗ್ಗಿತು, ಗ್ರೀಸು ತೊಳೆದು ಹೋಯಿತು, ಬೇರಿಂಗಿಗೆ ತುಕ್ಕು ಹಿಡಿಯಿತು. ನಾನು ಹಾಕಿದ ಬೇರಿಂಗ್ ಒಳ್ಳೇದೇ. ಅದನ್ನು ಸಾಯುವ ಜಾಗದಲ್ಲಿ ಕೂರಿಸಿದ್ದೆ.

ನೊರೆಯ ಆಸೆ

ಸ್ಪೈಡರಿನ ಕಾಲು ಹದಿನೈದು ವರ್ಷದಲ್ಲಿ ಹೀಗಾಗಬೇಕಿಲ್ಲ. ಇದಕ್ಕಿಂತ ಹಳೇ ಮಷೀನಿನಲ್ಲಿ ಗಟ್ಟಿ ಸ್ಪೈಡರ್ ನೋಡಿದ್ದೇನೆ. ಸಂಜೆ ಮನೆಗೆ ಹೋಗಿ, ಬಟ್ಟೆ ಹೇಗೆ ಒಗೀತೀರಿ ಅಕ್ಕೋರೆ ಅಂತ ಕೇಳಿದೆ. ಅವರು ಪೌಡರ್ ಡಬ್ಬಿ ತಂದು ತೋರಿಸಿದರು. ಕೈಯಲ್ಲಿ ಒಗೆಯುವ ಪೌಡರು. ಅಳತೆಗೆ ಒಂದು ಸ್ಟೀಲ್ ಲೋಟ.

"ಪೂರಾ ಲೋಟ ಹಾಕ್ತೀರಾ?"

"ಮೊದಲು ಅರ್ಧ ಹಾಕ್ತಿದ್ದೆ ತಮ್ಮಾ. ನೊರಿ ಬರ್ತಿದ್ದಿಲ್ಲ. ನೊರಿ ಬರದಿದ್ರ ಒಗದಂಗ ಆಗ್ತೈತೇನು?"

ಎರಡು ಖಾಲಿ ಬಾಟಲಿ ತಗೊಂಡೆ. ಒಂದಕ್ಕೆ ಸಂಪಿನ ನಲ್ಲಿ ನೀರು, ಒಂದಕ್ಕೆ ಬೋರ್ ನೀರು. ಎರಡಕ್ಕೂ ಮೈಸೋಪನ್ನು ಒಂದೇ ಅಳತೆ ತುರಿದು ಹಾಕಿ ಅಲ್ಲಾಡಿಸಿದೆ. ನಲ್ಲಿ ನೀರಿನಲ್ಲಿ ಬೆರಳುದ್ದ ನೊರೆ ನಿಂತಿತು. ಬೋರ್ ನೀರು ಮಜ್ಜಿಗೆ ಥರ ಬೆಳ್ಳಗಾಗಿ, ಮೇಲೆ ಕೆನೆಯಂಥ ಚೂರು ತೇಲಿತು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪನ್ನು ಹಿಡಿದು ಕೆನೆ ಮಾಡುತ್ತವೆ. ಕೊಳೆ ತೆಗೆಯಲು ಸೋಪು ಉಳಿಯುವುದೇ ಇಲ್ಲ. ಪೌಡರಿಗೂ ಗಡಸು ನೀರಿನ ಪೆಟ್ಟು ಬೀಳುತ್ತದೆ, ಸೋಪಿನಷ್ಟು ಅಲ್ಲ ಅಷ್ಟೇ. ಅದಕ್ಕೇ ಅಕ್ಕೋರು ಇನ್ನಷ್ಟು ಪೌಡರು ಹಾಕಿದರು. ಅದರ ಸೋಡಾ ಸ್ಪೈಡರಿಗೆ ಹೋಯಿತು.

ಯಾವತ್ತೂ ತಣ್ಣೀರಿನಲ್ಲೇ ಒಗೆತ, ಕರೆಂಟ್ ಬಿಲ್ಲಿನ ಹೆದರಿಕೆ. ತಣ್ಣೀರಿನಲ್ಲಿ ಅಷ್ಟೊಂದು ಪೌಡರು ಕರಗುವುದಿಲ್ಲ. ಡ್ರಮ್ಮಿನ ಹಿಂದೆ ಮೆತ್ತಿಕೊಂಡು ಮುಂದಿನ ಒಗೆತದವರೆಗೂ ಅಲ್ಲೇ ಇರುತ್ತದೆ. ಒಗೆದ ಮೇಲೆ ಬಾಗಿಲು ಟಪ್ ಅಂತ ಮುಚ್ಚಿ ಮೇಲೆ ಕವರು. ಒಳಗೆ ಎಂದೂ ಒಣಗಿಲ್ಲ.

ಕೊನೆಗೆ ಪಂಚೆ. ವಾರಕ್ಕೆ ಒಂದು ಸಲ ಬಿಳಿ ಬಟ್ಟೆಗೆ ಅಂತ ಒಂದು ಮುಚ್ಚಳ ಬ್ಲೀಚ್. ಬ್ಲೀಚಿನ ಕ್ಲೋರಿನ್ನು ಅಲ್ಯೂಮಿನಿಯಂಗೆ ಸೋಡಾಕ್ಕಿಂತ ಕೆಟ್ಟದ್ದು, ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ. ಯಜಮಾನ್ರು ತಮ್ಮ ಪಂಚೆ ನೋಡಿಕೊಂಡರು. "ಅಂದ್ರ ಕಾಲು ಮುರಿದಿದ್ದು ನನ್ನಿಂದನ?" ಅಂದರು. ಅಕ್ಕೋರು ನಕ್ಕುಬಿಟ್ಟರು.

ಮಾಡಲೋ ಬಿಡಲೋ

ನಿಜ ಹೇಳಬೇಕೆಂದರೆ ಇಲ್ಲಿ ಕೈಬಿಡಬಹುದಿತ್ತು. ಆ ಮಾಡೆಲ್ಲಿನ ಸ್ಪೈಡರ್ ಬರುವುದು ನಿಂತಿದೆ. ಮಗ ಹೊಸದಕ್ಕೆ 28,000 ಅಂತ ಬೆಲೆ ಹೇಳಿ ಆಗಿತ್ತು. ಮುರಿದ ಕಾಲಿಗೆ ಅಲ್ಯೂಮಿನಿಯಂ ವೆಲ್ಡಿಂಗ್ ಮಾಡಿಕೊಡುತ್ತೇನೆ ಅಂತ ಒಬ್ಬರು ಅಂದರು. ನಾನು ಒಪ್ಪಲಿಲ್ಲ. ಒಳಗೆಲ್ಲಾ ಹಿಟ್ಟಾದ ಲೋಹಕ್ಕೆ ವೆಲ್ಡಿಂಗ್ ಹಿಡಿಯುವುದಿಲ್ಲ. ಹಿಡಿದರೂ 260 ಪಟ್ಟು ಎಳೆತಕ್ಕೆ ಅದನ್ನು ನಂಬಿ ಎರಡು ಮುದಿ ಜೀವಗಳ ಮನೆಯಲ್ಲಿ ಇಡುವ ಧೈರ್ಯ ನನಗಿಲ್ಲ. ಸ್ಪೈಡರ್ ಸಿಕ್ಕರೆ ರಿಪೇರಿ, ಸಿಗದಿದ್ದರೆ ಗುಜರಿ ಅಂತ ಅವರಿಗೆ ಹೇಳಿದೆ. ಉಳಿದದ್ದೆಲ್ಲಾ ಚೆನ್ನಾಗಿತ್ತು. ಮೋಟರಿನ ಕಾರ್ಬನ್ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಬೋರ್ಡು ಆರೋಗ್ಯವಾಗಿತ್ತು. ಹೀಟರ್ ಮೀಟರಿನಲ್ಲಿ 26 ಓಮ್ ತೋರಿಸಿತು, 230 ವೋಲ್ಟಿಗೆ ಸುಮಾರು 2000 ವ್ಯಾಟ್. ಮಷೀನಿನ ಮೈಗೆ ಕರೆಂಟ್ ಲೀಕೇಜ್ ಇಲ್ಲ.

ಐದನೇ ದಿನಕ್ಕೆ ಹರಿಹರದ ಗುಜರಿಯೊಂದರಲ್ಲಿ ಅದೇ ಮಾಡೆಲ್ ಸಿಕ್ಕಿತು. ಬೋರ್ಡು ಸುಟ್ಟು ಬಂದಿದ್ದ ಮಷೀನು. ಅಲ್ಲೇ ಕೂತು ಡ್ರಮ್ಮು ಬಿಚ್ಚಿ, ಜೇಬಿನಿಂದ ನಿಂಬೆಹಣ್ಣು ತೆಗೆದೆ. ಗುಜರಿಯವರು ದೃಷ್ಟಿ ತೆಗೀತಾನೆ ಅಂದುಕೊಂಡಿರಬೇಕು. ಈ ಸ್ಪೈಡರಿನ ಬಿಳಿ ಚುಕ್ಕೆಗಳು ಗುಳ್ಳೆ ಬಿಟ್ಟವು, ಅಂದರೆ ಬರೀ ಸುಣ್ಣ. ಸ್ಕ್ರೂಡ್ರೈವರಿನಲ್ಲಿ ಮೂರೂ ಕಾಲಿನ ಬುಡ ಕುಟ್ಟಿದೆ, ಕಟ್ ಕಟ್ ಅಂತು. 900 ರೂಪಾಯಿ.

ಬುಶ್ ಮಾತ್ರ ಇದರದ್ದೂ ಸವೆದಿತ್ತು. ಇನ್ನೊಂದು ಸಲ ಗ್ರೀಸ್ ಬಳಿದು ದೇವರ ಮೇಲೆ ಭಾರ ಹಾಕುವ ಮನಸ್ಸಿರಲಿಲ್ಲ. ಲೇತಿನವರ ಹತ್ತಿರ ಒಯ್ದೆ. ಸೀಲ್ ಮೇಲೆ ಮೂರು ಸಂಖ್ಯೆ ಬರೆದಿರುತ್ತಾರೆ: ಒಳಗಿನ ಅಳತೆ, ಹೊರಗಿನ ಅಳತೆ, ದಪ್ಪ. ಮೊದಲನೇದಕ್ಕೆ ಸರಿಯಾಗಿ ಹೊಸ ಹಿತ್ತಾಳೆ ಬುಶ್ ಕಡೆದು, ಬಿಸಿ ಮಾಡಿ ಶಾಫ್ಟಿಗೆ ಕೂರಿಸಿದರು. ಸೀಲ್ ಉಜ್ಜುವ ಜಾಗಕ್ಕೆ ಸಣ್ಣ ಎಮರಿ ಹಿಡಿದು ಕನ್ನಡಿ ಮಾಡಿಕೊಟ್ಟರು. ಉಗುರು ಎಳೆದೆ, ಜಾರಿತು. 350 ರೂಪಾಯಿ. ನಮ್ಮೂರಲ್ಲಿ ಲೇತಿನ ಕೈ ಇನ್ನೂ ಉಳಿದಿದೆ, ಅದು ನಮ್ಮ ಪುಣ್ಯ.

ಜೋಡಿಸುವಾಗ

ಟಬ್ಬಿಗೆ ಬೇರಿಂಗ್ ಕೂರಿಸುವಾಗ ಹೊಡೆಯುವುದು ಹೊರ ಉಂಗುರಕ್ಕೆ ಮಾತ್ರ. ಹಳೇ ಬೇರಿಂಗಿನ ಹೊರ ಉಂಗುರವನ್ನೇ ಮೇಲಿಟ್ಟು ಸುತ್ತಲೂ ಸ್ವಲ್ಪ ಸ್ವಲ್ಪ ತಟ್ಟಿದರೆ ನೇರ ಇಳಿಯುತ್ತದೆ. ಒಳ ಉಂಗುರಕ್ಕೆ ಹೊಡೆದರೆ ಏಟು ಗುಂಡುಗಳ ಮೂಲಕ ಹೋಗಿ ದಾರಿಯಲ್ಲಿ ತಗ್ಗು ಬೀಳುತ್ತದೆ. ಹೊಸ ಬೇರಿಂಗ್ ಮೊದಲ ದಿನವೇ ಹಳೇದಾಗುತ್ತದೆ. ತಳಕ್ಕೆ ಮುಟ್ಟಿದಾಗ ಸುತ್ತಿಗೆಯ ಸದ್ದು ಬದಲಾಗುತ್ತದೆ, ಡಬ್ ಹೋಗಿ ಟಣ್ ಬರುತ್ತದೆ. ಕಿವಿ ಅದಕ್ಕಾಗಿ ಕಾಯಬೇಕು. ಸೀಲಿನ ಎರಡು ತುಟಿಗಳ ನಡುವೆ ನೀರು ತಡೆಯುವ ಗ್ರೀಸನ್ನು ಬೆರಳಿನಲ್ಲಿ ತುಂಬಿದೆ. ಸ್ಪೈಡರಿನ ಕಾಲುಗಳಿಗೆ ಬ್ರಷ್ ಹೊಡೆದು ಎಪಾಕ್ಸಿ ಪ್ರೈಮರ್ ಬಳಿದು ಎರಡು ದಿನ ಒಣಗಲು ಬಿಟ್ಟೆ. ಶಾಫ್ಟಿಗೆ, ಬುಶ್‌ಗೆ ಬಣ್ಣ ತಾಗಬಾರದು. ಟಬ್ಬಿನ ಎರಡು ಭಾಗದ ನಡುವೆ ಸಿಲಿಕಾನ್ ಎಳೆದು ಸ್ಕ್ರೂಗಳನ್ನು ಎದುರು ಬದುರು ಬಿಗಿದು ಒಂದು ದಿನ ಮುಟ್ಟಲಿಲ್ಲ.

ಮನೆಗೆ ತಂದು ನೀರು ಬಿಟ್ಟರೆ ತುಂಬುತ್ತಲೇ ಇತ್ತು. ಗಾಜಿನ ಅರ್ಧ ದಾಟಿತು. ಯಜಮಾನ್ರು ನಲ್ಲಿ ತಿರುಗಿಸಿ ನಿಲ್ಲಿಸಿದರು. ಪ್ರೆಷರ್ ಸ್ವಿಚ್ಚಿಗೆ ಹೋಗುವ ಸಣ್ಣ ಗಾಳಿ ಪೈಪು ಟಬ್ಬಿನ ಕೆಳಗೆ ಮಡಚಿ ಸಿಕ್ಕಿಕೊಂಡಿತ್ತು. ನೀರು ಏರಿದಂತೆ ಆ ಪೈಪಿನ ಗಾಳಿ ಒತ್ತಡಕ್ಕೆ ಬಂದು ಸ್ವಿಚ್ಚು ಬೀಳಬೇಕು. ಗಾಳಿ ಮುಟ್ಟದಿದ್ದರೆ ಮಷೀನಿಗೆ ತಾನು ಖಾಲಿ ಅಂತಲೇ ಲೆಕ್ಕ. ಎರಡು ನಿಮಿಷದ ಕೆಲಸ, ಆದರೆ ಆ ಮನೆಯಲ್ಲಿ ನನ್ನ ಮಾನ ಇನ್ನೊಂದು ಸುತ್ತು ಹೋಯಿತು.

ಇಷ್ಟು ವರ್ಷ ಮಷೀನು ನಿಂತಿದ್ದು ಬಚ್ಚಲ ಇಳಿಜಾರಿನಲ್ಲಿ, ಒಂದು ಕಾಲಿನ ಕೆಳಗೆ ಮಡಚಿದ ರಟ್ಟು. ರಟ್ಟು ತೆಗೆದು, ಮಟ್ಟಗೋಲಿಟ್ಟು ನಾಲ್ಕೂ ಕಾಲು ತಿರುಗಿಸಿ ಲಾಕ್ ನಟ್ ಬಿಗಿದೆ. ನಾಲ್ಕು ಬೆಡ್‌ಶೀಟ್ ಹಾಕಿ ಸ್ಪಿನ್ ಬಿಟ್ಟೆವು. ಯಜಮಾನ್ರು ಮೇಲಿನ ಹಲಗೆಗೆ ಅಂಗೈ ಊರಿ ನಿಂತರು. 400, 800, 1000. ಕೈ ತೆಗೆಯಲಿಲ್ಲ, ಮಾತೂ ಆಡಲಿಲ್ಲ. ನಿಂತ ಮೇಲೆ "ಹ್ಞೂಂ" ಅಂದರು. ಮಿಲ್ಲಿನ ಫಿಟ್ಟರ್ ಬಾಯಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ಸ್ಪೈಡರ್ 900, ಬುಶ್ 350, ಬೇರಿಂಗ್ ಎರಡಕ್ಕೆ 620, ಸೀಲ್ 180, ಸಿಲಿಕಾನ್ ಮತ್ತು ಪ್ರೈಮರ್ 150. ಒಟ್ಟು 2,200. ಕೂಲಿ ಬೇಡ ಅಂದೆ, ತಪ್ಪು ನನ್ನದು. ಅಕ್ಕೋರು ಬಿಡದೆ 500 ಜೇಬಿಗೆ ತುರುಕಿದರು.

ಆಮೇಲೆ

ಮಷೀನಿನ ಪೈಪನ್ನು ಸಂಪಿನ ನೀರಿನ ಟ್ಯಾಂಕಿಗೆ ಬದಲಿಸಿದೆವು. ಪೌಡರು ಈಗ ಫ್ರಂಟ್ ಲೋಡಿನದ್ದು, ಎರಡು ದೊಡ್ಡ ಚಮಚ. ಬ್ಲೀಚ್ ಬಂದ್. ಪಂಚೆಯನ್ನು ಬೇಕಾದರೆ ಬಕೆಟ್ಟಿನಲ್ಲಿ ಬೇರೆ ನೆನೆಸಲಿ. ಒಗೆದ ಮೇಲೆ ಬಾಗಿಲು ನಾಲ್ಕು ಬೆರಳು ತೆರೆದಿರಬೇಕು. ತಿಂಗಳಿಗೊಮ್ಮೆ ಬಟ್ಟೆ ಹಾಕದೆ 60 ಡಿಗ್ರಿಯಲ್ಲಿ ಒಂದು ಸುತ್ತು. ಮೂರು ತಿಂಗಳಿಗೊಮ್ಮೆ ಅದರಲ್ಲಿ 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಹೀಟರಿನ ಸುಣ್ಣ ಬಿಡಿಸಲು. ಅದಕ್ಕಿಂತ ಜಾಸ್ತಿ ಬೇಡ, ಹುಳಿಯೂ ಅಲ್ಯೂಮಿನಿಯಂ ತಿನ್ನುತ್ತದೆ. ನಿಂಬೆ ಉಪ್ಪಿನ ಜೊತೆ ಬ್ಲೀಚ್ ಸೇರಿಸಿದರೆ ವಿಷದ ಗಾಳಿ ಏಳುತ್ತದೆ ಅಂತ ಎರಡು ಸಲ ಹೇಳಿ, ಪೌಡರ್ ಡಬ್ಬಿ ಮೇಲೆ ದೊಡ್ಡಕ್ಷರದಲ್ಲಿ ಬರೆದೂ ಬಂದೆ. ಅಕ್ಕೋರು ಅದರಲ್ಲಿ ಒಂದು ಕಾಗುಣಿತ ತಪ್ಪು ತಿದ್ದಿದರು.

ವರ್ಷ ಆದ ಮೇಲೆ ಆ ಕಡೆ ಹೋದಾಗ ಹಿಂದಿನ ತಗಡು ಬಿಚ್ಚಿ ಟಾರ್ಚ್ ಬಿಟ್ಟೆ. ಪುಲ್ಲಿ ಹಿಂದೆ ಟಬ್ಬು ಒಣಗಿತ್ತು, ಕಂದು ಗೆರೆ ಇಲ್ಲ. ಪೌಡರ್ ಡಬ್ಬಿಯಲ್ಲಿ ನಾನು ಕೊಟ್ಟ ಚಮಚದ ಪಕ್ಕ ಆ ಹಳೇ ಸ್ಟೀಲ್ ಲೋಟವೂ ಇತ್ತು. ಅಕ್ಕೋರು ನನ್ನ ಕಣ್ಣು ಎಲ್ಲಿದೆ ಅಂತ ನೋಡಿ, "ಅದು ಸುಮ್ನ ಐತಿ" ಅಂದರು.

ಮೊನ್ನೆ ಮತ್ತೆ ಫೋನು. ಈ ಸಲ ಸದ್ದಲ್ಲ, ಬಾಗಿಲು ಲಾಕ್ ಬೀಳುತ್ತಿಲ್ಲವಂತೆ, ಯಜಮಾನ್ರು ಆಗಲೇ ಸ್ಕ್ರೂ ಬಿಚ್ಚಿ ಕೂತಿದ್ದಾರಂತೆ. ನಾಳೆ ಬೆಳಿಗ್ಗೆ ಹೋಗಬೇಕು.